ಕಾರು ಗುದ್ದಿದ ಮೇಲೆ ಮತ್ತೆ ಸೈಕಲ್ ಹತ್ತುವವರೆಗೆ: ಚೇತರಿಕೆಯ ಎಂಟು ಹಂತಗಳು

ಕಾರಿನ ಡಿಕ್ಕಿಗೆ ಸಿಕ್ಕಿ ಸೈಕಲ್‌ನಿಂದ ಬಿದ್ದವರು ಬರೆಯುವ ಪತ್ರಗಳಲ್ಲಿ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಇರುತ್ತದೆ: ‘ಮತ್ತೆ ಯಾವಾಗ ಸೈಕಲ್ ಹತ್ತಬಹುದು?’ ಕೈಗೆ ಜೋಲಿ ಕಟ್ಟಿಸಿಕೊಂಡವರು, ಮೊಣಕಾಲಿಗೆ ಹೊಲಿಗೆ ಬಿದ್ದವರು, ಇನ್ನೂ ಎಕ್ಸ್-ರೇ ಕೋಣೆಯ ಹೊರಗೆ ಸರದಿಗಾಗಿ ಕುಳಿತವರು, ಎಲ್ಲರೂ ಕೇಳುವುದು ಇದನ್ನೇ. ಆರು ವಾರ ಎಂದೋ ಮೂರು ತಿಂಗಳು ಎಂದೋ ಯಾರಾದರೂ ಹೇಳಿಬಿಟ್ಟರೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕಾಯಲು ಅವರು ಸಿದ್ಧ.

ಹಾಗೆ ಒಂದೇ ತಾರೀಖು ಕೊಡಲಾಗದು. ದೇಹದೊಳಗೆ ಓಡುವುದು ಒಂದೇ ಗಡಿಯಾರವಲ್ಲ. ತರಚಿದ ಚರ್ಮ ಎರಡು ಮೂರು ವಾರಗಳಲ್ಲಿ ಮುಚ್ಚಿಕೊಳ್ಳುತ್ತದೆ. ಮುರಿದ ಕಾಲರ್ ಬೋನ್, ಅಂದರೆ ಕತ್ತಿನ ಬುಡದಿಂದ ಭುಜದವರೆಗೆ ಅಡ್ಡಲಾಗಿರುವ ಎಲುಬು, ವಯಸ್ಕರಲ್ಲಿ ಕೂಡಿಕೊಳ್ಳಲು ಸಾಮಾನ್ಯವಾಗಿ 6ರಿಂದ 12 ವಾರ ತೆಗೆದುಕೊಳ್ಳುತ್ತದೆ. ಅಸ್ಥಿರಜ್ಜು, ಅಂದರೆ ಎಲುಬಿಗೆ ಎಲುಬನ್ನು ಬಿಗಿದಿರುವ ನಾರು, ಹರಿದರೆ ಮೊದಲಿನ ಬಲಕ್ಕೆ ಬರಲು ತಿಂಗಳುಗಟ್ಟಲೆ ಬೇಕು. ತಲೆಗೆ ಬಿದ್ದ ಪೆಟ್ಟಿನ ಲೆಕ್ಕವೇ ಬೇರೆ. ಇನ್ನು ಹಿಂದಿನಿಂದ ಬರುವ ಎಂಜಿನ್ ಸದ್ದಿಗೆ ಬೆಚ್ಚುವ ಮನಸ್ಸು ಯಾವ ಕ್ಯಾಲೆಂಡರನ್ನೂ ಕೇಳುವುದಿಲ್ಲ. ಇವುಗಳಲ್ಲಿ ಎಲ್ಲಕ್ಕಿಂತ ಬೇಗ ಓಡುವ ಗಡಿಯಾರವನ್ನು ನಂಬಿ ರಸ್ತೆಗಿಳಿದವರೇ ಎರಡನೆಯ ಬಾರಿ ವೈದ್ಯರ ಬಾಗಿಲು ತಟ್ಟುತ್ತಾರೆ.

‘ಸಮಗ್ರ ಚೇತರಿಕೆ’ ಎಂದರೆ ನನ್ನ ಪಾಲಿಗೆ ಇಷ್ಟೇ: ಈ ಯಾವ ಗಡಿಯಾರವನ್ನೂ ನೋಡದೆ ಬಿಡಬಾರದು. ಆ ಹೆಸರಿನಲ್ಲಿ ಮಾರಾಟವಾಗುವ ಎಣ್ಣೆ, ಹರಳು, ಬಳೆಗಳ ವಿಷಯ ಇಲ್ಲಿ ಬರುವುದಿಲ್ಲ. ನಾನು ವೈದ್ಯನೂ ಅಲ್ಲ. ಕೆಳಗಿನದು ವೈದ್ಯರ ಮುಂದೆ ಕುಳಿತಾಗ ಸರಿಯಾದ ಪ್ರಶ್ನೆ ಕೇಳಲು ನೆರವಾದರೆ ಸಾಕು.

ಮೊದಲೇ ಹೊಂದಿಸಿಟ್ಟುಕೊಳ್ಳಬೇಕಾದವು ಕೆಲವೇ: ಒಂದು ನೋಟ್‌ಬುಕ್, ಫೋನಿನ ಕ್ಯಾಮೆರಾ, ಎಲ್ಲ ವರದಿಗಳನ್ನೂ ಇಡಲು ಒಂದು ಫೈಲು, ಮೊದಲ ಎರಡು ರಾತ್ರಿ ಜೊತೆಗಿರಲು ಒಬ್ಬ ಮನುಷ್ಯ. ಕೊನೆಯದು ಎಲ್ಲಕ್ಕಿಂತ ಮುಖ್ಯ. ಜನ ಬಿಟ್ಟುಬಿಡುವುದೂ ಅದನ್ನೇ.

1. ಬಿದ್ದ ಜಾಗದಲ್ಲಿ: ‘ನನಗೇನೂ ಆಗಿಲ್ಲ’ ಎನ್ನುವ ಮೊದಲು

ಡಿಕ್ಕಿಯಾದ ಕೂಡಲೇ ದೇಹ ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಸುರಿಯುತ್ತದೆ. ಅದು ನೋವನ್ನು ಅಡಗಿಸುತ್ತದೆ. ಎಲುಬು ಮುರಿದವರೂ ಎದ್ದು ನಿಂತು, ಚಾಲಕನಿಗೆ ತಾವೇ ಸಮಾಧಾನ ಹೇಳಿ, ಬಾಗಿದ ಚಕ್ರವನ್ನು ತಳ್ಳಿಕೊಂಡು ಮನೆಗೆ ಹೋಗಿಬಿಡುತ್ತಾರೆ. ನೋವು ಮೇಲೇಳುವುದು ಕೆಲವು ಗಂಟೆಗಳ ನಂತರ, ಒಮ್ಮೊಮ್ಮೆ ಎರಡು ಮೂರು ದಿನಗಳ ನಂತರ. ಆದ್ದರಿಂದ ಜಾಗದಲ್ಲೇ ‘ನಾನು ಚೆನ್ನಾಗಿದ್ದೇನೆ’ ಎಂದು ಹೇಳಬೇಡಿ, ಬರೆದಂತೂ ಕೊಡಬೇಡಿ. ‘ಇನ್ನೂ ಗೊತ್ತಿಲ್ಲ, ತೋರಿಸಿಕೊಳ್ಳುತ್ತೇನೆ’ ಎನ್ನಿ.

ಕುತ್ತಿಗೆ ನೋಯುತ್ತಿದ್ದರೆ, ಕೈಕಾಲು ಜೋಮು ಹಿಡಿದಂತಿದ್ದರೆ ಅಲುಗಾಡದೆ ಮಲಗಿರಿ. ಎತ್ತಿ ಕೂರಿಸಲು ಬಂದವರನ್ನು ತಡೆಯಿರಿ. ಕುತ್ತಿಗೆಯ ಎಕ್ಸ್-ರೇ ಬೇಕೇ ಬೇಡವೇ ಎಂದು ತೀರ್ಮಾನಿಸಲು ಕೆನಡಾದ ವೈದ್ಯರು 2001ರಲ್ಲಿ ಪ್ರಕಟಿಸಿದ ನಿಯಮವೊಂದು ಇಂದಿಗೂ ತುರ್ತು ವಿಭಾಗಗಳಲ್ಲಿ ಬಳಕೆಯಲ್ಲಿದೆ. ಅದರಲ್ಲಿ ‘ಅಪಾಯಕಾರಿ ಪೆಟ್ಟು’ಗಳ ಸಾಲಿನಲ್ಲಿ ಸೈಕಲ್ ಡಿಕ್ಕಿಯನ್ನು ಹೆಸರಿಟ್ಟೇ ಸೇರಿಸಿದ್ದಾರೆ. ಸಣ್ಣ ಡಿಕ್ಕಿ ಎಂದು ನಿಮಗನ್ನಿಸಿದರೂ ಆ ಸಾಲು ನೆನಪಿರಲಿ.

ಈ ಕೆಳಗಿನವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು:

– ಹೆಚ್ಚುತ್ತಲೇ ಹೋಗುವ ತಲೆನೋವು, ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ತೊದಲು ಮಾತು, ಸೆಳವು, ಎರಡು ಕಣ್ಣಿನ ಪಾಪೆಗಳ ಗಾತ್ರದಲ್ಲಿ ವ್ಯತ್ಯಾಸ
– ಕಿವಿ ಅಥವಾ ಮೂಗಿನಿಂದ ನೀರಿನಂಥ ದ್ರವ ಸೋರುವುದು
– ಉಸಿರು ಎಳೆದುಕೊಳ್ಳಲು ಕಷ್ಟ, ಎದೆಯಲ್ಲಿ ಇರಿತ
– ಹೊಟ್ಟೆ ಗಟ್ಟಿಯಾಗುವುದು, ಹೊಟ್ಟೆನೋವಿನ ಜೊತೆ ತಲೆಸುತ್ತು, ಮೂತ್ರದಲ್ಲಿ ರಕ್ತ
– ಕೈ ಅಥವಾ ಕಾಲಿನಲ್ಲಿ ಬಲ ಕುಂದುವುದು, ಮಲಮೂತ್ರದ ಹಿಡಿತ ತಪ್ಪುವುದು

ಹೊಟ್ಟೆಯ ವಿಷಯದಲ್ಲಿ ಒಂದು ಮಾತು ಹೆಚ್ಚು ಹೇಳಬೇಕು. ಬೀಳುವಾಗ ಹ್ಯಾಂಡಲ್‌ನ ತುದಿ ಹೊಟ್ಟೆಗೆ ಚುಚ್ಚಿದರೆ ಹೊರಗೆ ನಾಣ್ಯದಷ್ಟು ಕೆಂಪು ಗುರುತು ಮಾತ್ರ ಕಾಣಬಹುದು. ಒಳಗೆ ಯಕೃತ್ತು ಅಥವಾ ಗುಲ್ಮ ಸೀಳಿರಬಹುದು. ಗುಲ್ಮ ಎಂದರೆ ಎಡ ಪಕ್ಕೆಲುಬುಗಳ ಕೆಳಗಿರುವ, ರಕ್ತ ತುಂಬಿದ ಮೆತ್ತನೆಯ ಅಂಗ. ಅದರಿಂದ ರಕ್ತ ಸೋರಿದಾಗ ಭುಜಕ್ಕೆ ಏಟೇ ಬಿದ್ದಿರದಿದ್ದರೂ ಎಡಭುಜದ ತುದಿ ನೋಯುವುದುಂಟು. ಭುಜಕ್ಕೆ ಮುಲಾಮು ಹಚ್ಚುತ್ತ ಕುಳಿತರೆ ಹೊತ್ತು ಮೀರುತ್ತದೆ.

ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ತಲೆಗೆ ಸಣ್ಣ ಪೆಟ್ಟು ಬಿದ್ದಿದ್ದರೂ ಲಕ್ಷಣಕ್ಕಾಗಿ ಕಾಯದೆ ಹೋಗಿ ತೋರಿಸಿಕೊಳ್ಳಬೇಕು.

2. ಮೊದಲ ವಾರ: ಕಾಣದ ಗಾಯ ಹುಡುಕುವುದು, ಕಾಗದ ಜೋಡಿಸುವುದು

ವೈದ್ಯರಿಗೆ ‘ಇಲ್ಲಿ ನೋಯುತ್ತದೆ’ ಎಂದಷ್ಟೇ ಹೇಳಬೇಡಿ. ಹೇಗೆ ಬಿದ್ದಿರಿ ಎಂದು ಹೇಳಿ. ಅಂಗೈ ಊರಿ ಬಿದ್ದಿರಾ, ಭುಜದ ಮೇಲೆಯೇ, ಪಕ್ಕಕ್ಕೇ? ಕಾರಿನ ಬಂಪರ್ ಕಾಲಿನ ಯಾವ ಮಟ್ಟಕ್ಕೆ ತಾಗಿತು? ಹೆಲ್ಮೆಟ್ ಎಲ್ಲಿ ಬಿರುಕು ಬಿಟ್ಟಿದೆ? ಎಲ್ಲಿ ಹುಡುಕಬೇಕು ಎಂಬುದು ಅವರಿಗೆ ತಿಳಿಯುವುದು ಈ ವಿವರಗಳಿಂದಲೇ.

ಅಂಗೈ ಊರಿ ಬಿದ್ದವರು ಒಂದು ಹೆಸರು ಕಲಿಯಲೇಬೇಕು: ಸ್ಕೇಫಾಯ್ಡ್. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನೊಳಗೆ ಇರುವ ದೋಣಿಯಾಕಾರದ ಪುಟ್ಟ ಎಲುಬು ಇದು. ಹೆಬ್ಬೆರಳನ್ನು ಮೇಲಕ್ಕೆ ಚಾಚಿದಾಗ ಅದರ ಬುಡದಲ್ಲಿ ಒಂದು ಗುಳಿ ಬೀಳುತ್ತದಲ್ಲ, ಅಲ್ಲಿ ಒತ್ತಿದರೆ ನೋವಾದರೆ ಅನುಮಾನಿಸಬೇಕು. ಇದರ ಬಿರುಕು ಮೊದಲ ದಿನದ ಎಕ್ಸ್-ರೇಯಲ್ಲಿ ಕಾಣದೇ ಇರಬಹುದು. ಅದಕ್ಕೇ 10ರಿಂದ 14 ದಿನಗಳ ನಂತರ ಮತ್ತೊಮ್ಮೆ ತೆಗೆಯುತ್ತಾರೆ, ಇಲ್ಲವೇ ಎಂಆರ್‌ಐ ಮಾಡಿಸುತ್ತಾರೆ. ಈ ಎಲುಬಿಗೆ ರಕ್ತ ಹರಿಯುವುದು ಬಹುಪಾಲು ಬೆರಳುಗಳ ಕಡೆಯ ತುದಿಯಿಂದ. ನಡುವೆ ಮುರಿದು ಹಾಗೆಯೇ ಬಿಟ್ಟರೆ ಆಚೆಯ ತುಂಡಿಗೆ ರಕ್ತ ಸಿಗದೆ ಅದು ಸಾಯಬಹುದು. ನನ್ನನ್ನು ‘ಬರೀ ಉಳುಕು’ ಎಂದು ಮನೆಗೆ ಕಳುಹಿಸಿದ್ದರು. ಹನ್ನೆರಡನೆಯ ದಿನದ ಚಿತ್ರದಲ್ಲಿ ಗೆರೆ ಸ್ಪಷ್ಟವಾಗಿತ್ತು. ಉಳುಕು ಎಂದು ಹೇಳಿಸಿಕೊಂಡ ಮಣಿಕಟ್ಟು ಹತ್ತು ದಿನವಾದರೂ ನೋಯುತ್ತಿದ್ದರೆ ಸಂಕೋಚ ಬಿಟ್ಟು ಮತ್ತೆ ಹೋಗಿ.

ಮೂರನೆಯ ದಿನ ಒಂದು ಕಾಗದದ ಮೇಲೆ ಮನುಷ್ಯಾಕೃತಿ ಗೀಚಿ. ತಲೆಯಿಂದ ಕಾಲಿನವರೆಗೆ ಒಂದೊಂದೇ ಕೀಲನ್ನು ಮೆಲ್ಲಗೆ ಆಡಿಸಿ, ನೋಯುವ ಕಡೆಯೆಲ್ಲ ಗುರುತು ಹಾಕಿ. ದೊಡ್ಡ ನೋವಿನ ಗದ್ದಲದಲ್ಲಿ ಸಣ್ಣ ನೋವು ಕೇಳಿಸುವುದಿಲ್ಲ. ಕಾಲರ್ ಬೋನ್ ಮುರಿದವರು ಬೆರಳು ಮುರಿದದ್ದನ್ನು ವಾರದ ನಂತರ ಕಂಡುಕೊಂಡದ್ದಿದೆ.

ನೋಟ್‌ಬುಕ್ಕಿನಲ್ಲಿ ದಿನಕ್ಕೆ ನಾಲ್ಕು ಸಾಲು ಸಾಕು: ನೋವು ಸೊನ್ನೆಯಿಂದ ಹತ್ತರಲ್ಲಿ ಎಷ್ಟು, ನಿದ್ದೆ ಎಷ್ಟು ಗಂಟೆ, ಯಾವ ಮಾತ್ರೆ, ನಿನ್ನೆ ಆಗದ ಯಾವ ಕೆಲಸ ಇಂದು ಆಯಿತು. ಈ ನಾಲ್ಕನೆಯ ಸಾಲು ಮುಂದೆ ಮನಸ್ಸು ಕುಸಿದ ದಿನ ಉಪಯೋಗಕ್ಕೆ ಬರುತ್ತದೆ. ವಿಮೆಯವರ ಮುಂದೆಯೂ ಬರುತ್ತದೆ.

ಕಾನೂನು, ವಿಮೆಯ ನಿಯಮಗಳು ದೇಶದಿಂದ ದೇಶಕ್ಕೆ ಬೇರೆ, ಆದರೆ ಕೆಲವು ತಪ್ಪುಗಳು ಎಲ್ಲ ಕಡೆಯೂ ದುಬಾರಿ. ಪೊಲೀಸರಿಗೆ ತಿಳಿಸದೆ ಬಾಯಿಮಾತಿನಲ್ಲೇ ರಾಜಿಯಾಗುವುದು ಒಂದು. ಹರಿದ ಬಟ್ಟೆ, ಬಿರಿದ ಹೆಲ್ಮೆಟ್ ಎಸೆಯುವುದು, ತಪಾಸಣೆಗೆ ಮೊದಲೇ ಸೈಕಲ್ ದುರಸ್ತಿಗೆ ಕೊಡುವುದು ಮತ್ತೊಂದು. ಎಲ್ಲಕ್ಕಿಂತ ಕೆಟ್ಟದ್ದು, ಗಾಯದ ಪೂರ್ಣ ಚಿತ್ರ ಸಿಗುವ ಮೊದಲೇ ‘ಅಂತಿಮ ಪರಿಹಾರ’ದ ಕಾಗದಕ್ಕೆ ಸಹಿ ಹಾಕುವುದು. ಮೊದಲ ತಿಂಗಳಲ್ಲಿ ಕೈತುಂಬ ಕಂಡ ಮೊತ್ತ ಎರಡನೆಯ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಬೇರೆಯೇ ಕಾಣುತ್ತದೆ.

3. ತರಚು ಗಾಯ

ರಸ್ತೆಗೆ ಉಜ್ಜಿ ಚರ್ಮ ಕಿತ್ತುಬಂದ ಗಾಯವನ್ನು ಜನ ಗಾಯವೆಂದೇ ಲೆಕ್ಕಿಸುವುದಿಲ್ಲ. ಅದೇ ದಿನ ಹರಿಯುವ ಶುದ್ಧ ನೀರಿನಲ್ಲಿ ಸಾವಕಾಶವಾಗಿ ತೊಳೆಯಬೇಕು. ಮರಳು, ಡಾಂಬರಿನ ಕಣ ಒಳಗುಳಿದರೆ ಸೋಂಕಿನ ಭಯ ಒಂದು ಕಡೆ. ಇನ್ನೊಂದು ಕಡೆ ಚರ್ಮ ಅದರ ಮೇಲೆಯೇ ಬೆಳೆದು ಹಚ್ಚೆಯಂತೆ ನೀಲಿ ಕಲೆ ಶಾಶ್ವತವಾಗಿ ನಿಲ್ಲುತ್ತದೆ. ನಿಮ್ಮಿಂದ ಹೊರಬಾರದ ಕಣಗಳಿದ್ದರೆ ಮರಗಟ್ಟಿಸುವ ಮದ್ದು ಹಾಕಿ ತೆಗೆಸಿಕೊಳ್ಳಿ.

ಗಾಯ ‘ಒಣಗಲಿ’ ಎಂದು ಗಾಳಿಗೆ ಬಿಡುವುದು ಹಳೆಯ ರೂಢಿ. ತೇವವಾಗಿ ಮುಚ್ಚಿಟ್ಟ ಗಾಯವೇ ಬೇಗ ಮಾಯುತ್ತದೆ, ಕಲೆಯೂ ಕಡಿಮೆ. ಪೆಟ್ರೋಲಿಯಂ ಜೆಲ್ಲಿ ಸವರಿ ಅಂಟದ ಪಟ್ಟಿ ಹಾಕಿ, ಅಥವಾ ಹೈಡ್ರೊಕೊಲಾಯ್ಡ್ ಎಂದು ಕೇಳಿದರೆ ಔಷಧ ಅಂಗಡಿಯಲ್ಲಿ ಸಿಗುವ ಜೆಲ್‌ನಂಥ ಪಟ್ಟಿ ಬಳಸಿ. ದಿನವೂ ಸ್ಪಿರಿಟ್, ಹೈಡ್ರೊಜನ್ ಪೆರಾಕ್ಸೈಡ್ ಸುರಿಯಬೇಡಿ. ಅವು ಕ್ರಿಮಿಯ ಜೊತೆಗೆ ಹೊಸದಾಗಿ ಹುಟ್ಟುವ ಚರ್ಮವನ್ನೂ ಸುಡುತ್ತವೆ. ಗಾಯ ಕೊಳೆಯಾಗಿದ್ದು, ಧನುರ್ವಾಯು ಚುಚ್ಚುಮದ್ದು ಹಾಕಿಸಿ 5 ವರ್ಷ ದಾಟಿದ್ದರೆ ಮತ್ತೊಂದು ಬೇಕಾಗುತ್ತದೆ. ಸುತ್ತಲಿನ ಕೆಂಪು ಹರಡುತ್ತ ಹೋದರೆ, ಕೀವು ತುಂಬಿದರೆ, ಜ್ವರ ಬಂದರೆ ವೈದ್ಯರ ಬಳಿ ಹೋಗಿ. ಮಾದ ಮೇಲೂ ಕೆಲವು ತಿಂಗಳು ಆ ಜಾಗವನ್ನು ಬಿಸಿಲಿಗೆ ಒಡ್ಡಬೇಡಿ, ಕಪ್ಪಾಗಿಬಿಡುತ್ತದೆ.

4. ತಲೆ: ಸ್ಕ್ಯಾನ್ ಸರಿಯಿದೆ ಎಂದರೆ ಮಿದುಳು ಸರಿಯಿದೆ ಎಂದಲ್ಲ

ಕಂಕಷನ್ ಎಂದರೆ ಪೆಟ್ಟಿನ ರಭಸಕ್ಕೆ ಮಿದುಳು ಕುಲುಕಿ ಅದರ ಕೆಲಸ ಸ್ವಲ್ಪ ಕಾಲ ಏರುಪೇರಾಗುವುದು. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ, ಹೆಚ್ಚಿನವರಿಗೆ ತಪ್ಪುವುದೂ ಇಲ್ಲ. ಹೆಲ್ಮೆಟ್ ತಲೆಬುರುಡೆಯನ್ನು ಕಾಯುತ್ತದೆ, ಗಂಭೀರ ಗಾಯವನ್ನು ಕಡಿಮೆ ಮಾಡುತ್ತದೆ, ಆದರೆ ಒಳಗಿನ ಕುಲುಕಾಟವನ್ನು ಪೂರ್ತಿ ತಡೆಯಲಾರದು. ಸಿಟಿ ಸ್ಕ್ಯಾನ್ ನೋಡುವುದು ಮುಖ್ಯವಾಗಿ ರಕ್ತಸ್ರಾವ ಮತ್ತು ಬಿರುಕನ್ನು. ಕಂಕಷನ್ ಅದರಲ್ಲಿ ಕಾಣಿಸುವುದಿಲ್ಲ. ‘ಸ್ಕ್ಯಾನ್ ನಾರ್ಮಲ್, ಆದರೂ ಓದಿದ ಸಾಲು ತಲೆಗೆ ಹತ್ತುತ್ತಿಲ್ಲ’ ಎನ್ನುವವರು ನಾಟಕ ಮಾಡುತ್ತಿಲ್ಲ.

ಲಕ್ಷಣಗಳು: ತಲೆನೋವು, ಬೆಳಕು ಮತ್ತು ಸದ್ದು ಸಹಿಸಲಾಗದಿರುವುದು, ತಲೆಸುತ್ತು, ಮಂಜು ಕವಿದಂತಹ ಯೋಚನೆ, ಕಾರಣವಿಲ್ಲದ ಸಿಡುಕು, ಹೆಚ್ಚು ಅಥವಾ ಕಡಿಮೆ ನಿದ್ದೆ. ಸಿಡುಕನ್ನು ಮೊದಲು ಗಮನಿಸುವುದು ಮನೆಯವರು. ಅವರ ಮಾತು ಕೇಳಿ.

ಹಿಂದೆ ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಿದ್ದರು. ಈಗ ಆ ಪದ್ಧತಿ ಹೋಗಿದೆ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಕ್ರೀಡಾಪಟುಗಳ ಕಂಕಷನ್ ಕುರಿತು ಒಮ್ಮತದಿಂದ ಹೊರಡಿಸಿದ ಹೇಳಿಕೆಯ ತಿರುಳು ಹೀಗಿದೆ: ಮೊದಲ 24ರಿಂದ 48 ಗಂಟೆ ಹಗುರವಾದ ವಿಶ್ರಾಂತಿ, ಆ ಅವಧಿಯಲ್ಲಿ ಮೊಬೈಲ್, ಕಂಪ್ಯೂಟರ್ ಪರದೆ ಕಡಿಮೆ, ಅಲ್ಲಿಂದ ಮುಂದೆ ನಡಿಗೆಯಂಥ ಹಗುರ ಚಟುವಟಿಕೆ. ಚಟುವಟಿಕೆಯಿಂದ ಲಕ್ಷಣ ಹತ್ತರ ಅಳತೆಯಲ್ಲಿ ಎರಡು ಅಂಕದವರೆಗೆ ಏರಿ ಒಂದು ಗಂಟೆಯೊಳಗೆ ಇಳಿದರೆ ಮುಂದುವರಿಯಬಹುದು. ಅದಕ್ಕಿಂತ ಹೆಚ್ಚಾದರೆ ಅಂದು ನಿಲ್ಲಿಸಿ, ಮರುದಿನ ಕಡಿಮೆ ಮಾಡಿ.

ಏರುವ ಮೆಟ್ಟಿಲು ಇದು: ನಡಿಗೆ; ಮನೆಯೊಳಗೆ ನಿಂತಲ್ಲೇ ತುಳಿಯುವ ಸೈಕಲ್ ಮಾತಾಡುತ್ತ ತುಳಿಯಬಹುದಾದಷ್ಟು ಹಗುರವಾಗಿ; ಅದೇ ಸೈಕಲ್ ಸ್ವಲ್ಪ ಬೆವರು ಬರುವಷ್ಟು; ವಾಹನಗಳಿಲ್ಲದ ಜಾಗದಲ್ಲಿ ನಿಜವಾದ ಸೈಕಲ್; ಕೊನೆಗೆ ರಸ್ತೆ. ಒಂದೊಂದು ಮೆಟ್ಟಿಲಿನಲ್ಲೂ ಕನಿಷ್ಠ 24 ಗಂಟೆ ಇರಿ. ಬೀಳುವ ಭಯವಿರುವ ಕೊನೆಯ ಎರಡು ಮೆಟ್ಟಿಲು ಲಕ್ಷಣಗಳು ಪೂರ್ತಿ ಹೋಗಿ, ವೈದ್ಯರು ಒಪ್ಪಿದ ಮೇಲಷ್ಟೇ. ಬಹಳಷ್ಟು ವಯಸ್ಕರು ಎರಡು ವಾರದಿಂದ ಒಂದು ತಿಂಗಳೊಳಗೆ ಸರಿಹೋಗುತ್ತಾರೆ. ತಿಂಗಳು ದಾಟಿದರೂ ತಲೆಸುತ್ತು ಬಿಡದಿದ್ದರೆ ಕಿವಿಯೊಳಗಿನ ಸಮತೋಲನ ವ್ಯವಸ್ಥೆಗೆಂದೇ ಇರುವ ಫಿಸಿಯೋಥೆರಪಿ ಇದೆ, ಕೇಳಿ. ತಲೆನೋವು ಕುತ್ತಿಗೆಯಿಂದಲೂ ಹುಟ್ಟುತ್ತಿರಬಹುದು, ಅದನ್ನೂ ನೋಡಿಸಿ.

ಇಲ್ಲಿ ಬೀಳುವ ಹಳ್ಳ ಯಾವುದೆಂದರೆ, ಎರಡು ದಿನ ಹಿತವೆನಿಸಿದ ಕೂಡಲೇ ಎರಡು ಮೆಟ್ಟಿಲು ಹಾರುವುದು. ಮೊದಲನೆಯದು ಮಾಯುವ ಮೊದಲೇ ತಲೆಗೆ ಇನ್ನೊಂದು ಪೆಟ್ಟು ಬಿದ್ದರೆ ಪರಿಣಾಮ ಬಹಳ ಕೆಟ್ಟದ್ದು. ಅಷ್ಟು ದಿನ ಮದ್ಯವೂ ಬೇಡ, ವಾಹನ ಚಲಾಯಿಸುವುದೂ ಬೇಡ.

5. ಎಲುಬು, ಕೀಲು, ಸ್ನಾಯು: ಎಷ್ಟು ವಿಶ್ರಾಂತಿ, ಎಷ್ಟು ಚಲನೆ

ಇದೇ ಅತಿ ದೀರ್ಘ ಹಂತ, ಅತಿ ಹೆಚ್ಚು ತಪ್ಪು ನಡೆಯುವುದೂ ಇಲ್ಲಿಯೇ. ತಪ್ಪು ಎರಡು ಬಗೆಯದು. ಅವಸರದವರು ಪ್ಲಾಸ್ಟರಿನ ಕೈಯಲ್ಲೇ ಬ್ರೇಕು ಹಿಡಿಯಲು ಹೊರಡುತ್ತಾರೆ. ಅಂಜುವವರು ಪ್ಲಾಸ್ಟರು ಬಿಚ್ಚಿ ತಿಂಗಳಾದರೂ ಕೈಯನ್ನು ಎದೆಗವಚಿಕೊಂಡೇ ತಿರುಗುತ್ತಾರೆ. ನನ್ನ ಅನುಭವದಲ್ಲಿ ಎರಡನೆಯವರ ಕಷ್ಟವೇ ಹೆಚ್ಚು ಕಾಲ ಉಳಿಯುತ್ತದೆ, ಏಕೆಂದರೆ ಅದು ಜಾಗ್ರತೆಯ ವೇಷದಲ್ಲಿರುತ್ತದೆ.

ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವುಲ್ಫ್ 1892ರಲ್ಲಿ ಬರೆದ ಮಾತು ಇಂದಿಗೂ ಮೂಲಪಾಠ: ಎಲುಬು ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಎರಡು ಮೂರು ವಾರಗಳಲ್ಲಿ ಮೆತ್ತನೆಯ ಬೆಸುಗೆ ಬರುತ್ತದೆ, ಅದು ನಿಧಾನಕ್ಕೆ ಗಟ್ಟಿಯಾಗುತ್ತದೆ. ಅದನ್ನು ಮೂಲ ಆಕಾರಕ್ಕೆ ತಿದ್ದುವ ಕೆಲಸ ತಿಂಗಳು, ವರ್ಷಗಳ ಕಾಲ ನಡೆಯುತ್ತಿರುತ್ತದೆ. ಯಾವ ವಾರದಿಂದ ಎಷ್ಟು ಭಾರ ಎಂಬುದನ್ನು ಹೇಳಬೇಕಾದವರು ನಿಮ್ಮ ಎಲುಬಿನ ವೈದ್ಯರು. ಆ ಪ್ರಶ್ನೆಯನ್ನು ಪ್ರತಿ ಭೇಟಿಯಲ್ಲೂ ಕೇಳಿ, ಉತ್ತರ ಬರೆದುಕೊಳ್ಳಿ.

ಮೊದಲ ದಿನಗಳಲ್ಲಿ ಮಂಜುಗಡ್ಡೆಯ ಪ್ರಶ್ನೆ ಏಳುತ್ತದೆ. ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಎತ್ತರಿಸಿಡುವುದು ಎಂಬ ನಾಲ್ಕರ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ಕ್ರೀಡಾವೈದ್ಯ ಗೇಬ್ ಮಿರ್ಕಿನ್. ಮಂಜುಗಡ್ಡೆ ಮತ್ತು ಪೂರ್ಣ ವಿಶ್ರಾಂತಿ ಎರಡೂ ಮಾಯುವಿಕೆಯನ್ನು ತಡಮಾಡಬಹುದು ಎಂದು 2014ರಲ್ಲಿ ತಮ್ಮ ಮಾತನ್ನು ತಾವೇ ತಿದ್ದಿಕೊಂಡವರೂ ಅವರೇ. ಮೊದಲ ಒಂದೆರಡು ದಿನ ನೋವು ತಗ್ಗಿಸಲು ಬಟ್ಟೆ ಸುತ್ತಿದ ಮಂಜುಗಡ್ಡೆ ಹತ್ತು ನಿಮಿಷ ಇಟ್ಟರೆ ತಪ್ಪಿಲ್ಲ. ಅದನ್ನು ವಾರಗಟ್ಟಲೆಯ ವ್ರತ ಮಾಡಿಕೊಳ್ಳಬೇಡಿ.

ಜೋಲಿಯಲ್ಲಿರುವ ಕೈಯ ಬೆರಳು, ಮಣಿಕಟ್ಟು, ಮೊಣಕೈಗಳನ್ನು ವೈದ್ಯರ ಒಪ್ಪಿಗೆ ಪಡೆದು ಮೊದಲ ದಿನಗಳಿಂದಲೇ ಆಡಿಸುತ್ತಿರಿ. ಭುಜಕ್ಕೆ ಏಟು ಬಿದ್ದು ಮೊಣಕೈ ಸೆಟೆದುಕೊಂಡರೆ ಅದು ನೀವೇ ಸಂಪಾದಿಸಿದ ಗಾಯ. ಪಕ್ಕೆಲುಬು ಮುರಿದವರು ನೋವಿಗೆ ಹೆದರಿ ಅರ್ಧ ಉಸಿರನ್ನಷ್ಟೇ ಎಳೆದುಕೊಳ್ಳುತ್ತಾರೆ. ಶ್ವಾಸಕೋಶದ ತಳ ಹಿಗ್ಗದೆ ನ್ಯುಮೋನಿಯಾ ಬರುವುದು ಹೀಗೆ. ಗಂಟೆಗೊಮ್ಮೆ ಹತ್ತು ಆಳವಾದ ಉಸಿರು ಎಳೆಯಿರಿ, ಕೆಮ್ಮುವಾಗ ದಿಂಬನ್ನು ಎದೆಗೆ ಒತ್ತಿ ಹಿಡಿಯಿರಿ. ನೋವಿನ ಮಾತ್ರೆ ಇರುವುದೇ ಈ ಉಸಿರಿಗಾಗಿ ಎಂದುಕೊಳ್ಳಿ.

ನೋಯದ ಕೈಕಾಲಿಗೂ ಕೆಲಸ ಕೊಡಿ. ಒಂದು ಕೈಗೆ ಕೊಟ್ಟ ವ್ಯಾಯಾಮದಿಂದ ಇನ್ನೊಂದು ಕೈಯ ಬಲವೂ ಹೆಚ್ಚುತ್ತದೆ ಎಂಬುದನ್ನು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 1894ರಲ್ಲೇ ತೋರಿಸಿದ್ದರು. ಬಲ ಎಂಬುದು ಅರ್ಧ ನರಗಳ ವಿದ್ಯೆ. ಪ್ಲಾಸ್ಟರಿನಲ್ಲಿರುವ ಕೈ ಸೊರಗುವುದನ್ನು ಆರೋಗ್ಯವಂತ ಕೈ ಅಷ್ಟಿಷ್ಟು ತಡೆಯಬಲ್ಲದು.

ಫಿಸಿಯೋಥೆರಪಿ ಸಾಗುವ ಕ್ರಮ ಸಾಮಾನ್ಯವಾಗಿ ಹೀಗೆ: ಮೊದಲು ಕೀಲಿನ ಪೂರ್ಣ ಚಲನೆ, ಆಮೇಲೆ ಬಲ, ಕೊನೆಗೆ ಸಮತೋಲನ ಮತ್ತು ಚುರುಕು. ಬಹುತೇಕರು ನೋವು ಹೋದ ದಿನವೇ, ಅಂದರೆ ಎರಡನೆಯದರ ನಡುವೆ, ಹೋಗುವುದನ್ನು ನಿಲ್ಲಿಸುತ್ತಾರೆ. ಬೀಳುವ ಕ್ಷಣದಲ್ಲಿ ಕಾಪಾಡುವುದು ಮೂರನೆಯದು. ವ್ಯಾಯಾಮದ ನೋವನ್ನು ಅಳೆಯಲು ಸರಳ ಅಳತೆ: ಹತ್ತರಲ್ಲಿ ಮೂರರವರೆಗೆ ಇದ್ದು ಮರುದಿನ ಬೆಳಿಗ್ಗೆ ಹಳೆಯ ಮಟ್ಟಕ್ಕೆ ಇಳಿದಿದ್ದರೆ ಸರಿ. ಐದಕ್ಕೆ ಏರಿದರೆ, ಬೆಳಿಗ್ಗೆ ಊತ ಹೆಚ್ಚಿದ್ದರೆ ನಿನ್ನೆಯದು ಹೆಚ್ಚಾಯಿತು. ತಿಂಗಳುಗಳ ನಂತರದ ನೋವೆಲ್ಲ ಹೊಸ ಹಾನಿಯ ಸೂಚನೆಯೂ ಅಲ್ಲ. ಕಳ್ಳ ಹೋದ ಮೇಲೂ ಬೊಗಳುವ ನಾಯಿಯಂತೆ ನರಗಳು ಕೆಲವು ಕಾಲ ಕೂಗುತ್ತಲೇ ಇರುತ್ತವೆ.

ಇಲ್ಲಿ ನಾಲ್ಕು ಎಚ್ಚರಿಕೆ, ನಾಲ್ಕನ್ನೂ ತಪ್ಪದೆ ಓದಿ. ತೊಡೆಯ ಮೂಗೇಟಿಗೆ, ಅಂದರೆ ಒಳಗೆ ರಕ್ತ ಕಟ್ಟಿದ ಪೆಟ್ಟಿಗೆ, ಮೊದಲ ದಿನಗಳಲ್ಲಿ ಗಟ್ಟಿಯಾಗಿ ತಿಕ್ಕಿಸಿಕೊಳ್ಳಬೇಡಿ. ಹೆಪ್ಪುಗಟ್ಟಿದ ರಕ್ತದ ಜಾಗದಲ್ಲಿ ಸ್ನಾಯುವಿನೊಳಗೇ ಎಲುಬು ಬೆಳೆಯುವ ತೊಂದರೆ ಅದರಿಂದ ಹೆಚ್ಚುತ್ತದೆ. ಎರಡನೆಯದು, ಬಿರುಕಿಲ್ಲವೆಂದು ಖಚಿತವಾಗುವ ಮೊದಲು ಕುತ್ತಿಗೆಯನ್ನು ತಿರುಚಿ ಲಟಕ್ ಎನ್ನಿಸುವವರ ಕೈಗೆ ತಲೆ ಕೊಡಬೇಡಿ. ಮೂರನೆಯದು, ಪ್ಲಾಸ್ಟರಿನೊಳಗೆ ಗಾಯಕ್ಕೆ ಮೀರಿದ ನೋವು, ಬೆರಳು ಚಾಚಿದರೆ ಪ್ರಾಣ ಹೋಗುವಂಥ ನೋವು, ಜೋಮು ಕಂಡರೆ ಅದೇ ಗಂಟೆ ಆಸ್ಪತ್ರೆಗೆ ಹೋಗಿ. ಒಳಗಿನ ಒತ್ತಡ ಸ್ನಾಯುವನ್ನು ಕೊಲ್ಲುತ್ತಿರಬಹುದು. ನಾಲ್ಕನೆಯದು, ಮೀನಖಂಡ ಒಂದೇ ಕಡೆ ಊದಿ ನೋಯುವುದು ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರ ಲಕ್ಷಣವಿರಬಹುದು, ಹಠಾತ್ತನೆ ಉಸಿರು ಕಟ್ಟುವುದು ಆ ಹೆಪ್ಪು ಶ್ವಾಸಕೋಶ ತಲುಪಿದ್ದರ ಲಕ್ಷಣವಿರಬಹುದು. ಅದೂ ಅಷ್ಟೇ ತುರ್ತು.

6. ಊಟ, ನಿದ್ದೆ, ಮಾತ್ರೆ

‘ತುಳಿಯುತ್ತಿಲ್ಲವಲ್ಲ, ದಪ್ಪಗಾಗುತ್ತೇನೆ’ ಎಂದು ಊಟ ಇಳಿಸುವುದು ಸೈಕಲ್ ಸವಾರರ ಸ್ವಭಾವದೋಷ. ಎಲುಬು ಕಟ್ಟಲು ದೇಹಕ್ಕೆ ಇಂಧನ ಬೇಕು. ಕೆ.ಜಿ. ತೂಕಕ್ಕೆ ದಿನಕ್ಕೆ 1.2ರಿಂದ 2 ಗ್ರಾಂ ಪ್ರೋಟೀನ್ ಎಂಬುದು ಗಾಯದ ಕಾಲಕ್ಕೆ ಸಾಮಾನ್ಯವಾಗಿ ಹೇಳುವ ಅಳತೆ. 60 ಕೆ.ಜಿ. ತೂಗುವವರಿಗೆ ಕನಿಷ್ಠ 72 ಗ್ರಾಂ ಆಯಿತು, ಅದನ್ನು ಮೂರು ನಾಲ್ಕು ಹೊತ್ತಿಗೆ ಹಂಚಿಕೊಳ್ಳಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ಹೊಂದದು. ಕ್ಯಾಲ್ಸಿಯಂ, ವಿಟಮಿನ್ ಡಿ ಕೊರತೆಯಿದೆಯೇ ಎಂದು ಪರೀಕ್ಷಿಸಿಕೊಳ್ಳಿ. ಧೂಮಪಾನ ಎಲುಬು ಕೂಡುವುದನ್ನು ನಿಧಾನಗೊಳಿಸುತ್ತದೆ. ಬಿಡಲು ಇದಕ್ಕಿಂತ ಒಳ್ಳೆಯ ನೆಪ ಸಿಗದು.

ಕಾಲರ್ ಬೋನ್ ಮುರಿದವರಿಗೆ ಚಪ್ಪಟೆಯಾಗಿ ಮಲಗುವುದು ಯಾತನೆ. ಬೆನ್ನಿಗೆ ದಿಂಬು ಪೇರಿಸಿ ಅರೆ ಒರಗಿ ಮಲಗಿ, ನೋಯುವ ಮೊಣಕೈಯ ಕೆಳಗೂ ಒಂದು ದಿಂಬಿಡಿ.

ಮಾತ್ರೆಯ ವಿಷಯದಲ್ಲಿ: ತಲೆಗೆ ಪೆಟ್ಟು ಬಿದ್ದಿದ್ದರೆ, ರಕ್ತಸ್ರಾವವಿಲ್ಲವೆಂದು ವೈದ್ಯರು ಹೇಳುವವರೆಗೆ ಆಸ್ಪಿರಿನ್, ಐಬುಪ್ರೊಫೇನ್ ತೆಗೆದುಕೊಳ್ಳಬೇಡಿ. ಪ್ಯಾರಾಸಿಟಮಾಲ್ ಶೀತದ ಮಾತ್ರೆಯೊಳಗೂ ಅಡಗಿರುತ್ತದೆ, ಒಟ್ಟು ಪ್ರಮಾಣ ಲೆಕ್ಕ ಹಾಕಿ. ಅಫೀಮು ವರ್ಗದ ಬಲವಾದ ನೋವುನಿವಾರಕ ಕೊಟ್ಟಿದ್ದರೆ ಮಲಬದ್ಧತೆ ಬರುವುದು ಹೆಚ್ಚುಕಡಿಮೆ ಖಚಿತ, ಮೊದಲ ದಿನವೇ ಅದಕ್ಕೂ ಔಷಧ ಕೇಳಿ. ಅವನ್ನು ಯಾವಾಗ, ಹೇಗೆ ನಿಲ್ಲಿಸಬೇಕು ಎಂದೂ ಕೇಳಿ. ಶಸ್ತ್ರಚಿಕಿತ್ಸೆ ಇದ್ದರೆ ಗಿಂಕೊ ಎಂಬ ಮರದ ಎಲೆಯ ಸಾರ, ಅರಿಶಿನದ ಸಾರದಂಥ ‘ನೈಸರ್ಗಿಕ’ ಕ್ಯಾಪ್ಸೂಲುಗಳನ್ನೂ ವೈದ್ಯರಿಗೆ ಹೇಳಿ. ರಕ್ತ ಸೋರುವುದನ್ನು ಅವು ಹೆಚ್ಚಿಸಬಹುದು.

7. ಮನಸ್ಸು

ಮೊದಲ ವಾರಗಳಲ್ಲಿ ಕನಸಿನಲ್ಲಿ ಬ್ರೇಕಿನ ಕಿರುಚು ಕೇಳುವುದು, ಆ ರಸ್ತೆಯ ಹೆಸರೆತ್ತಿದರೆ ಎದೆ ಬಡಿದುಕೊಳ್ಳುವುದು, ಇದ್ದಕ್ಕಿದ್ದಂತೆ ಅಳು, ಚಾಲಕನ ಮೇಲೆ ಕುದಿ, ತನ್ನ ಮೇಲೆಯೇ ಕುದಿ, ಇವೆಲ್ಲ ಆಗುವಂಥವೇ. ಹೆಚ್ಚಿನವರಲ್ಲಿ ತಾವಾಗಿ ತಗ್ಗುತ್ತವೆ. ಆಗ ಮಾಡಬೇಕಾದದ್ದು ದೊಡ್ಡದೇನಲ್ಲ: ಹೊತ್ತಿಗೆ ಸರಿಯಾಗಿ ಮಲಗಿ ಏಳುವುದು, ಜನರ ನಡುವೆ ಇರುವುದು, ಹೇಳಬೇಕೆನಿಸಿದಾಗ ಹೇಳುವುದು. ಬಲವಂತವಾಗಿ ಕೂರಿಸಿ ‘ಎಲ್ಲ ಹೇಳಿಬಿಡು’ ಎನ್ನುವುದು ಉಪಕಾರವಲ್ಲ. ಘಟನೆಯ ಬೆನ್ನಿಗೇ ನಡೆಸುವ ಅಂಥ ಕೂಟಗಳನ್ನು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಗಳೂ ಬೇಡವೆನ್ನುತ್ತವೆ.

ಒಂದು ತಿಂಗಳು ದಾಟಿದರೂ ದೃಶ್ಯ ಕಣ್ಣೆದುರು ಮತ್ತೆ ಮತ್ತೆ ನುಗ್ಗುತ್ತಿದ್ದರೆ, ರಸ್ತೆ ದಾಟುವುದನ್ನೇ ತಪ್ಪಿಸಿಕೊಳ್ಳುತ್ತಿದ್ದರೆ, ಸದಾ ಬೆಚ್ಚುತ್ತಿದ್ದರೆ ಅದಕ್ಕೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿಯುವ ಒತ್ತಡದ ಕಾಯಿಲೆ ಎಂಬ ಹೆಸರಿದೆ, ಚಿಕಿತ್ಸೆಯೂ ಇದೆ. ಆಘಾತವನ್ನೇ ಗುರಿಯಾಗಿಸಿದ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಒಂದು. ನೆನಪನ್ನು ಎದುರಿಗಿಟ್ಟುಕೊಂಡು ಕಣ್ಣನ್ನು ಅತ್ತಿತ್ತ ಚಲಿಸುವ ಇಎಂಡಿಆರ್ ಇನ್ನೊಂದು. ವಿಚಿತ್ರವೆನಿಸಿದರೂ ಕೆಲಸ ಮಾಡುತ್ತದೆ. ಎಲುಬಿಗೆ ಎಕ್ಸ್-ರೇ ಕೇಳಿದಷ್ಟೇ ಸಲೀಸಾಗಿ ಇದನ್ನೂ ಕೇಳಿ. ಬದುಕು ಬೇಡವೆನಿಸಿದರೆ ಆ ದಿನವೇ ಯಾರಿಗಾದರೂ ಹೇಳಿ, ವೈದ್ಯರನ್ನು ಕಾಣಿ.

ತಪ್ಪಿಸಿಕೊಳ್ಳುವುದು ಭಯಕ್ಕೆ ಗೊಬ್ಬರ. ಸೈಕಲನ್ನು ಅಟ್ಟಕ್ಕೆ ಹಾಕಬೇಡಿ, ಕಣ್ಣಿಗೆ ಕಾಣುವಲ್ಲಿ ನಿಲ್ಲಿಸಿ. ಒಂದು ದಿನ ಅದರ ಸರಪಳಿ ಒರೆಸಿ. ಇನ್ನೊಂದು ದಿನ ಗೋಡೆ ಹಿಡಿದು ಸುಮ್ಮನೆ ಸೀಟಿನ ಮೇಲೆ ಕುಳಿತುಕೊಳ್ಳಿ. ಡಿಕ್ಕಿಯಾದ ಜಾಗಕ್ಕೆ ಮೊದಲು ನಡೆದು ಹೋಗಿ, ಗೆಳೆಯರ ಜೊತೆ, ಹಗಲಿನಲ್ಲಿ.

ಮತ್ತೆಂದೂ ಹತ್ತುವುದಿಲ್ಲ ಎಂದು ತೀರ್ಮಾನಿಸುವವರೂ ಇದ್ದಾರೆ. ಶಾಂತವಾಗಿ ಯೋಚಿಸಿ ಮಾಡಿದ ತೀರ್ಮಾನವಾದರೆ ಅದರಲ್ಲಿ ಸೋಲೇನಿಲ್ಲ.

8. ಮತ್ತೆ ರಸ್ತೆಗೆ

ಮೊದಲು ಸೈಕಲ್. ಪೆಟ್ಟು ತಾಗಿದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಅದರ ಕೆಲಸ ಮುಗಿಯಿತು. ಒಳಗಿನ ಫೋಮ್ ಒಮ್ಮೆ ಕುಗ್ಗಿದರೆ ಮತ್ತೆ ಕಾಯದು. ಹೊಸದು ಕೊಳ್ಳಿ. ಕಾರ್ಬನ್ ಫ್ರೇಮ್ ಮತ್ತು ಮುಂಚಕ್ರ ಹಿಡಿದಿರುವ ಕವಲನ್ನು ತಿಳಿದವರಿಗೆ ತೋರಿಸಿ. ಕಾರ್ಬನ್ ಬಾಗಿ ಸುಳಿವು ಕೊಡುವುದಿಲ್ಲ, ಒಳಗೇ ಬಿರಿದು ಒಂದು ದಿನ ಒಮ್ಮೆಲೇ ಮುರಿಯುತ್ತದೆ. ಬಾಗಿದ ಅಲ್ಯುಮಿನಿಯಂ ಹ್ಯಾಂಡಲನ್ನು ನೆಟ್ಟಗೆ ಮಾಡಿಸಬೇಡಿ, ಬದಲಾಯಿಸಿ.

ಆಮೇಲೆ ನೀವು. ವೈದ್ಯರ ಒಪ್ಪಿಗೆ ಸಿಕ್ಕಿದ ಮೇಲೂ ಕೆಲವನ್ನು ಮನೆಯಲ್ಲೇ ಪರೀಕ್ಷಿಸಿಕೊಳ್ಳಬೇಕು. ಎರಡೂ ಭುಜಗಳ ಮೇಲಿಂದ ನೋವಿಲ್ಲದೆ ಹಿಂದಕ್ಕೆ ನೋಡಬಲ್ಲಿರಾ? ಗೋಡೆಗೆ ಅಂಗೈ ಊರಿ ಮೈಭಾರ ಹಾಕಿದರೆ ಮಣಿಕಟ್ಟು, ಭುಜ ತಡೆಯುತ್ತವೆಯೇ? ಎರಡೂ ಬ್ರೇಕುಗಳನ್ನು ಪೂರ್ತಿ ಬಲದಿಂದ, ತಟ್ಟನೆ ಹಿಡಿಯಬಲ್ಲಿರಾ? ಗಾಯವಾದ ಕೈಯೊಂದರಿಂದಲೇ ಹ್ಯಾಂಡಲ್ ಹಿಡಿದು, ಇನ್ನೊಂದು ಕೈಯನ್ನು ತಿರುವಿನ ಸೂಚನೆಗೆ ಚಾಚಬಲ್ಲಿರಾ? ಒಂಟಿಕಾಲಿನಲ್ಲಿ ಅರ್ಧ ನಿಮಿಷ ಅಲುಗದೆ ನಿಲ್ಲಬಲ್ಲಿರಾ? ಒಂದಕ್ಕಾದರೂ ‘ಇಲ್ಲ’ ಎಂದಾದರೆ ಮನೆಯೊಳಗಿನ ಸೈಕಲ್ಲೇ ಇನ್ನೆರಡು ವಾರ ಗತಿ.

ಮೊದಲ ಸವಾರಿ ವಾಹನಗಳಿಲ್ಲದ ಸಮತಟ್ಟು ಜಾಗದಲ್ಲಿ, ಹದಿನೈದು ನಿಮಿಷ. ವೇಗ ತೋರಿಸುವ ಯಂತ್ರ ಕಳಚಿಡಿ; ಹಳೆಯ ಅಂಕಿಗಳ ಜೊತೆ ಪೈಪೋಟಿಗೆ ಇಳಿದರೆ ಮೈಯ ಮಾತು ಕೇಳುವುದಿಲ್ಲ. ಮೂರು ನಾಲ್ಕು ಸವಾರಿ ಹೀಗಾದ ಮೇಲೆ ವಾಹನ ವಿರಳವಾದ ರಸ್ತೆ, ಜೊತೆಗೊಬ್ಬರು ನಿಮ್ಮ ಹಿಂದೆ. ಹಿಂದಿನ ಸದ್ದಿಗೆ ಮೈ ಸೆಟೆದುಕೊಂಡಾಗ ಕೈಮುಷ್ಟಿ ಬಿಗಿಯಾಗುತ್ತದೆ, ಮೊಣಕೈ ನೆಟ್ಟಗಾಗುತ್ತದೆ, ಸೈಕಲ್ ತೂರಾಡುತ್ತದೆ. ಉಸಿರು ಉದ್ದಕ್ಕೆ ಬಿಟ್ಟು ಮೊಣಕೈ ಸಡಿಲಿಸುವುದನ್ನು ಬೇಕೆಂದೇ ಅಭ್ಯಾಸ ಮಾಡಿ. ಡಿಕ್ಕಿಯಾದ ರಸ್ತೆ ಕೊನೆಗಿರಲಿ.

ಪ್ರತಿ ಸವಾರಿಯ ಮರುದಿನ ಬೆಳಿಗ್ಗೆ ನೋಟ್‌ಬುಕ್ ತೆರೆದು ಅದೇ ನಾಲ್ಕು ಸಾಲು ಬರೆಯಿರಿ, ಭಯಕ್ಕೂ ಹತ್ತರಲ್ಲಿ ಅಂಕ ಕೊಡಿ. ನೋವೋ ಭಯವೋ ನಿನ್ನೆಗಿಂತ ಎರಡು ಅಂಕ ಮೇಲಿದ್ದರೆ ಒಂದು ಮೆಟ್ಟಿಲು ಇಳಿದು, ಅಲ್ಲಿ ಮೂರು ದಿನ ಇದ್ದು, ಮತ್ತೆ ಹತ್ತಿ.